ಚಿನ್ನವಾಗದ ಮೀನುಗಳು

ಚಿನ್ನದ ಮೀನಿಗೆ ಹುಟ್ಟುವುದೆಲ್ಲವೂ ಚಿನ್ನವೇ ಎಂದು ನಾನು ಬಹುಕಾಲ ನಂಬಿದ್ದೆ. ಆ ಭ್ರಮೆಯನ್ನು ಕಳೆದದ್ದು ನಮ್ಮ ಹಿತ್ತಲಿನ ಕೊಳ.

ಫಾಲ್ಗುಣದಲ್ಲಿ ನೀರು ಬೆಚ್ಚಗಾಗುತ್ತಲೇ ಗಂಡುಮೀನುಗಳ ಕಿವಿರಿನ ಮುಚ್ಚಳದ ಮೇಲೆ ನವುರಾದ ಬಿಳಿಯ ಚುಕ್ಕೆಗಳು ಮೂಡಿದವು. ಒಂದು ಮುಂಜಾನೆ ಅವು ಹೆಣ್ಣುಗಳನ್ನು ಅಟ್ಟಿಕೊಂಡು ಅಂತರಗಂಗೆಯ ಬೇರುಗಳೊಳಗೆ ನುಗ್ಗಿದವು. ಬಿಸಿಲೇರುವ ವೇಳೆಗೆ ಬೇರಿನ ಎಳೆಎಳೆಗೂ ಮೊಟ್ಟೆಗಳು ಅಂಟಿದ್ದವು. ಇಟ್ಟ ಮೀನುಗಳೇ ಅವನ್ನು ತಿನ್ನತೊಡಗಿದ್ದವು! ಆ ಕ್ರೌರ್ಯವನ್ನು ಸಹಿಸಲಾರದೆ ಗಿಡಗಳನ್ನೆತ್ತಿ ಬೇರೊಂದು ಬಾನಿಗೆ ಹಾಕಿದೆ. ನಾಲ್ಕನೆಯ ದಿನ ಗಾಜಿನ ಎಳೆಗಳಂತಹ ಮರಿಗಳು ಬಾನಿಯ ಗೋಡೆಗೆ ಅಂಟಿ ನಿಂತಿದ್ದವು.

ಬೆಳೆದ ಮರಿಗಳದು ಕೆಸರಿನ ಬಣ್ಣ. ಚೀನಾ ದೇಶದಲ್ಲಿ ಸಾಂಗ್ ಅರಸರ ಕಾಲಕ್ಕೇ (೯೬೦–೧೨೭೯) ಹೊಂಬಣ್ಣದವನ್ನು ಆರಿಸಿ ಕೊಳಗಳಲ್ಲಿ ಸಾಕುತ್ತಿದ್ದರು. ಆದರೂ ಮರಿಗಳು ಇಂದಿಗೂ ಪೂರ್ವಿಕರ ಬಣ್ಣವನ್ನೇ ತೊಟ್ಟು ಬರುತ್ತವೆ. ತಿಂಗಳುಗಳು ಕಳೆದಂತೆ ಹಲವು ಕೆಂಪಾದವು; ೧೧ ಆಗಲೇ ಇಲ್ಲ.

“ಕೆರೆಗೆ ಬಿಟ್ಟುಬಿಡಿ ಸ್ವಾಮಿ, ಪುಣ್ಯ ಬರುತ್ತದೆ” ಎಂದರು ನೆರೆಯವರು. ಆದರೆ ಈ ಪರದೇಶದ ಮೀನು ತಳವನ್ನು ಕೆದಕಿ ನೀರನ್ನು ಕದಡುತ್ತದೆ. ಅನ್ಯಮೀನುಗಳ ಮೊಟ್ಟೆಯನ್ನೂ ತಿನ್ನುತ್ತದೆ. ಪುಣ್ಯ ನನಗೆ, ನಷ್ಟ ಕೆರೆಗೆ! ಹನ್ನೊಂದೂ ನಮ್ಮಲ್ಲಿಯೇ ಉಳಿದವು.

ಮರುವರ್ಷ ಬೇರುಗಳಲ್ಲಿ ಮತ್ತೆ ಮೊಟ್ಟೆಗಳು ಮಿನುಗಿದವು. ಮೀನುಗಳು ಅವನ್ನು ತಿನ್ನುತ್ತಿರಲು ಸುಮ್ಮನೆ ನೋಡುತ್ತ ಕುಳಿತೆ. ಬದುಕಿಸಿದವನಿಗೆ ಸಾಕುವ ಹೊಣೆಯೂ ಉಂಟು. ನನ್ನ ಕೊಳವಾದರೋ ಚಿಕ್ಕದು.