ಅಕ್ಕಡಿ ಸಾಲಿನ ಆದಾಯ

ನಮ್ಮ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಹಳೆಯದೊಂದು ಪದ್ಧತಿಯುಂಟು. ಒಕ್ಕಲಿಗನು ಹೊಲದ ತುಂಬ ಸಜ್ಜೆಯೊಂದನ್ನೇ ಬಿತ್ತುವುದಿಲ್ಲ. ಕೆಲವು ಸಾಲು ಸಜ್ಜೆಯಾದ ಮೇಲೆ ಒಂದು ಸಾಲು ತೊಗರಿ ಇಡುತ್ತಾನೆ. ಇದಕ್ಕೆ ಅಕ್ಕಡಿ ಎಂದು ಹೆಸರು. ಸಜ್ಜೆ ಮೂರು ತಿಂಗಳಿಗೆ ಮನೆ ಸೇರುತ್ತದೆ. ತೊಗರಿಗೆ ಆರು ತಿಂಗಳ ಹತ್ತಿರ ಬೇಕು. ಸಜ್ಜೆಯ ಬೇರು ಮೇಲುಮಣ್ಣಿನಲ್ಲಿ ಹಬ್ಬಿದರೆ ತೊಗರಿಯ ಬೇರು ಆಳಕ್ಕಿಳಿಯುತ್ತದೆ. ಒಂದರ ಅನ್ನವನ್ನು ಇನ್ನೊಂದು ಕಸಿಯುವುದಿಲ್ಲ. ಮುಂಗಾರು ಕೈಕೊಟ್ಟು ಸಜ್ಜೆ ಒಣಗಿದರೂ ಹಿಂಗಾರಿನ ಒಂದೆರಡು ಮಳೆಗೆ ತೊಗರಿಯಾದರೂ ಉಳಿದೀತು ಎಂಬುದು ಹಿರಿಯರ ಲೆಕ್ಕಾಚಾರ.

ಈ ಮಾತನ್ನು ನಾನು ಒಕ್ಕಲುತನದ ಪಾಠಕ್ಕಾಗಿ ಎತ್ತಿಕೊಂಡುದಲ್ಲ. ಇಂದಿನ ನನ್ನ ವಿಷಯ ಆನ್‌ಲೈನ್ ಸಂಪಾದನೆ. ಅದರಲ್ಲಿಯೂ ಒಂದೇ ಕೆಲಸವನ್ನು ನೆಚ್ಚದೆ ಹಲವು ಚಿಕ್ಕ ಕೆಲಸಗಳಿಂದ ಹಲವು ಚಿಕ್ಕ ಆದಾಯಗಳನ್ನು ಕೂಡಿಸಿಕೊಳ್ಳುವ ಕ್ರಮ. ಸಿಂಧನೂರು, ಲಿಂಗಸುಗೂರುಗಳ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವನ್ನು ತಂದವರು ನನ್ನ ಹಳೆಯ ವಿದ್ಯಾರ್ಥಿಗಳು. ಪದವಿ ಮುಗಿಸಿ ಊರಲ್ಲಿಯೇ ಇರುವ ಈ ಮಕ್ಕಳು ಭೇಟಿಯಾದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಸರ್, ಮೊಬೈಲಿನಿಂದ ದುಡಿಯಬಹುದಂತಲ್ಲ, ನಿಜವೆ?" ನಿಜ. ಆದರೆ ಆ ನಿಜಕ್ಕೆ ಹಲವು ನಿಬಂಧನೆಗಳಿವೆ. ಅವನ್ನು ಬಿಡಿಸಿ ಹೇಳುವುದು ಈ ಭಾಷಣದ ಉದ್ದೇಶ.

ಮೊದಲು ನಮ್ಮ ನೆಲವನ್ನೇ ನೋಡೋಣ. ಸಿಂಧನೂರು ಭತ್ತದ ಕಣಜ. ತುಂಗಭದ್ರಾ ಎಡದಂಡೆ ಕಾಲುವೆ ಅದಕ್ಕೆ ಈ ಭಾಗ್ಯವನ್ನು ತಂದಿತು. ಲಿಂಗಸುಗೂರು, ಮಸ್ಕಿಗಳ ಬಹುಭಾಗದಲ್ಲಿ ಮುಗಿಲೇ ಕಾಲುವೆ. ಅಲ್ಲಿ ಮಳೆ ತಪ್ಪಿದ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವುದು ಇಂದಿಗೂ ತಪ್ಪಿಲ್ಲ. ಹಾಗೆಂದು ಕಾಲುವೆಯ ಕೆಳಗಿನವರು ಪೂರ್ಣ ನಿಶ್ಚಿಂತರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹರಿದುಹೋಗುವುದನ್ನು ಕಂಡು ಸಿಂಧನೂರಿನ ರೈತನ ಎದೆ ನಡುಗಿತು. ವಾರದೊಳಗೆ ಗೇಟಿನ ಸ್ಥಾನದಲ್ಲಿ ತಡೆಹಲಗೆಗಳನ್ನು ಇಳಿಸಿ ನೀರನ್ನು ಹಿಡಿದರು. ಆದರೂ ಬಾಳೆಲ್ಲವನ್ನೂ ಒಂದೇ ಬಾಗಿಲಿಗೆ ಕಟ್ಟಿದವನ ಸ್ಥಿತಿ ಎಂಥದೆಂಬುದನ್ನು ಆ ರಾತ್ರಿ ತೋರಿಸಿತು.

ಆನ್‌ಲೈನ್ ಜಗತ್ತಿನಲ್ಲಿಯೂ ಇಂಥ ರಾತ್ರಿಯೊಂದು ಬಂದುಹೋಗಿದೆ. ಟಿಕ್‌ಟಾಕ್ ಎಂಬ ಕಿರುಚಿತ್ರಗಳ ಆ್ಯಪ್ ನಮ್ಮ ಹಳ್ಳಿಗಳಲ್ಲಿ ಎಷ್ಟು ಹಬ್ಬಿತ್ತೆಂಬುದು ಎಲ್ಲರಿಗೂ ನೆನಪಿದೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಅದೂ ಒಂದು. ನಿಷೇಧದ ಕಾರಣ ರಾಷ್ಟ್ರದ ಭದ್ರತೆ. ಅದರ ಚರ್ಚೆ ಇಲ್ಲಿ ಬೇಡ. ವರ್ಷಗಟ್ಟಲೆ ದುಡಿದು ಲಕ್ಷ ಲಕ್ಷ ನೋಟಕರನ್ನು ಸಂಪಾದಿಸಿದ್ದವರು ಬೆಳಗಾಗುವುದರೊಳಗೆ ಬರಿಗೈಯವರಾದರು ಎಂಬುದಷ್ಟೇ ನಮಗೆ ಪ್ರಸ್ತುತ. ಆ ಹೊಲ ಅವರದಾಗಿರಲಿಲ್ಲ. ಅವರು ಲಾವಣಿಗೆ ಬಿತ್ತಿದವರು. ಇಂದು ಬೇರೆ ಕಂಪನಿಗಳ ಆ್ಯಪ್‌ಗಳಲ್ಲಿ ದುಡಿಯುವವರೂ ಲಾವಣಿದಾರರೇ ಎಂಬುದನ್ನು ಮರೆಯಬಾರದು.

ಆದುದರಿಂದ ಸಾಲುಗಳು ಹಲವಿರಬೇಕು. ಎಂಥ ಸಾಲುಗಳು? ಅಕ್ಕಡಿಯ ದೃಷ್ಟಿಯಿಂದ ನೋಡಿದರೆ ಇವುಗಳಲ್ಲಿ ಎರಡು ಜಾತಿ: ಬೇಗ ಬರುವ ಸಜ್ಜೆ, ತಡವಾಗಿ ಬರುವ ತೊಗರಿ.

ಬೇಗ ಬರುವುದು ಸೇವೆಯ ಕೂಲಿ. ಕರಡು ತಿದ್ದುವುದು, ಅನುವಾದ, ಲೆಕ್ಕಪತ್ರ ಬರೆಯುವುದು, ಚಿತ್ರವಿನ್ಯಾಸ, ಮಕ್ಕಳಿಗೆ ವಿಡಿಯೋ ಮೂಲಕ ಪಾಠ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಕೆಲಸ ಮಾಡಿದೊಡನೆ ಹಣ. ಬಿಟ್ಟೊಡನೆ ಹಣವೂ ನಿಂತಿತು. ಕೊಳ್ಳುವವರನ್ನೂ ಮಾಡುವವರನ್ನೂ ಸೇರಿಸುವ ಸಂತೆಗಳಂಥ ತಾಣಗಳುಂಟು. ಫೈವರ್ ಎಂಬುದು ಅಂಥದೊಂದು. ದುಡಿದವನ ಕೈಗೆ ಬರುವ ನೂರು ರೂಪಾಯಿಯಲ್ಲಿ ಇಪ್ಪತ್ತನ್ನು ಅದು ದಲ್ಲಾಳಿಯಾಗಿ ಹಿಡಿದುಕೊಳ್ಳುತ್ತದೆ. ಗಂಜಿನಲ್ಲಿ ಅಡತಿ ಕೊಟ್ಟು ರೂಢಿಯಿರುವ ನಮಗೆ ಇದು ಹೊಸದಲ್ಲ; ಬೆಲೆ ಹೇಳುವಾಗ ಅದನ್ನು ಸೇರಿಸಿ ಹೇಳಬೇಕು, ಅಷ್ಟೆ.

ಈ ಜಾತಿಯಲ್ಲಿ ಕನ್ನಡಿಗರಿಗೆ ವಿಶೇಷವಾದ ಒಂದು ಕೆಲಸವಿದೆ: ದನಿಯನ್ನು ಕೊಡುವುದು. ಯಂತ್ರಗಳಿಗೆ ಕನ್ನಡ ಕಲಿಸಲು ಕನ್ನಡಿಗರ ಮಾತಿನ ಧ್ವನಿಮುದ್ರಣ ಬೇಕು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಯೋಜನೆಯಾಗಿ ಹುಟ್ಟಿ ಅನಂತರ ಸ್ವತಂತ್ರ ಸಂಸ್ಥೆಯಾದ 'ಕಾರ್ಯ' ಎಂಬುದು ಚಾಮರಾಜನಗರ ಜಿಲ್ಲೆಯ ಹಳ್ಳಿಗರಿಂದ ಕನ್ನಡ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿತು. 2023ರಲ್ಲಿ ಅದು ಕೊಡುತ್ತಿದ್ದ ಪ್ರತಿಫಲ ಗಂಟೆಗೆ 5 ಡಾಲರಿನಷ್ಟು. ಹೊಲದ ಕೂಲಿಯ ಎಷ್ಟೋ ಪಟ್ಟು. ಅಲ್ಲಿ ಬೇಕಾದುದು ಪದವಿಯಲ್ಲ, ಆಡುಮಾತು. ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯೂ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುತ್ತಿದೆ. ನಮ್ಮ ರಾಯಚೂರು ಸೀಮೆಯ ಮಾತನ್ನು ಕೇಳಿ ನಕ್ಕವರುಂಟು. ಆ ಮಾತಿಗೇ ಬೆಲೆ ಬರಬಹುದಾದ ಕಾಲವಿದು. ಆದರೆ ಇಂಥ ಕೆಲಸ ನಿತ್ಯದ್ದಲ್ಲ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಬಂದಾಗ ಮಾಡಬೇಕು, ಅದನ್ನೇ ನೆಚ್ಚಬಾರದು.

ತಡವಾಗಿ ಬರುವ ತೊಗರಿ ಎಂದರೆ ಒಮ್ಮೆ ಮಾಡಿಟ್ಟರೆ ಬಹುಕಾಲ ಫಲ ಕೊಡುವ ಕೃತಿ: ವಿಡಿಯೋ, ಇ-ಪುಸ್ತಕ, ಕೇಳುಪುಸ್ತಕ. ಯೂಟ್ಯೂಬನ್ನೇ ತೆಗೆದುಕೊಳ್ಳಿ. ಉದ್ದದ ವಿಡಿಯೋಗಳ ಜಾಹೀರಾತಿನ ವರಮಾನದಲ್ಲಿ ನೂರಕ್ಕೆ 55 ಪಾಲು ಮಾಡಿದವನಿಗೆ ಸಲ್ಲುತ್ತದೆ. ಆದರೆ ಆ ಪಾಲಿಗೆ ಅರ್ಹನಾಗಲು ಸಾವಿರ ಜನ ಚಂದಾದಾರರೂ, ಹನ್ನೆರಡು ತಿಂಗಳೊಳಗೆ ಒಟ್ಟು 4000 ಗಂಟೆಗಳ ವೀಕ್ಷಣೆಯೂ ಬೇಕು. ಒಬ್ಬ ನೋಟಕ ಸರಾಸರಿ ನಾಲ್ಕು ನಿಮಿಷ ನೋಡಿದನೆಂದರೆ ಅರವತ್ತು ಸಾವಿರ ವೀಕ್ಷಣೆಗಳಾದವು. ಅದಾದ ಮೇಲೆಯೂ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಹಣ ಬ್ಯಾಂಕಿಗೆ ಬಾರದು. ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ಕೆಲವೇ ಗ್ರಾಂ ಚಿನ್ನ ಕಾಣುವಂತೆ ಇದೂ. ತಿಂಗಳೊಪ್ಪತ್ತಿನಲ್ಲಿ ಶ್ರೀಮಂತನಾಗುವೆನೆಂದು ಹೊರಟವನು ಎರಡನೆಯ ತಿಂಗಳಿಗೆ ಕೈಬಿಡುತ್ತಾನೆ.

ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. 1915ರಲ್ಲಿ ಬೀಡನ್ ಎಂಬ ಎಂಜಿನಿಯರು ಚಿನ್ನ ಅರಸುತ್ತ ಮಸ್ಕಿಗೆ ಬಂದವನು. ಅವನಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಬ್ರಾಹ್ಮೀ ಲಿಪಿಯ ಬರಹ. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂಬುದಕ್ಕೆ ಹೆಸರಿನ ಸಾಕ್ಷಿ ಕೊಟ್ಟದ್ದು ನಮ್ಮ ಮಸ್ಕಿಯ ಬಂಡೆ. ಸ್ಪರ್ಧಾ ಪರೀಕ್ಷೆಗೆ ಓದುವ ಪ್ರತಿಯೊಬ್ಬನಿಗೂ ಬೇಕಾದ ಸಂಗತಿಯಿದು. ಮಸ್ಕಿಯ ಹುಡುಗನೇ ಬಂಡೆಯ ಬಳಿ ನಿಂತು ಅದನ್ನು ಸರಿಯಾಗಿ ವಿವರಿಸಿದರೆ ಆ ಪಾಠ ಹತ್ತು ವರ್ಷಕ್ಕೂ ಹಳತಾಗದು. ಮುದಗಲ್ಲಿನ ಕೋಟೆ, ಜಲದುರ್ಗ ಇವೂ ಹಾಗೆಯೇ.

ಇವೆರಡರ ಜೊತೆಗೆ ಸರಕಿನ ಸಾಲೂ ಒಂದುಂಟು. ಕಲಬುರಗಿ ಜಿಲ್ಲೆಯ ಮಹಿಳಾ ಸಂಘಗಳು ಜೋಳದ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಲ್ಲಿ ಕಟ್ಟಿ ಆನ್‌ಲೈನಿನಲ್ಲಿಯೂ ಮಾರುತ್ತಿವೆ. ಒಬ್ಬೊಬ್ಬರೇ ಆಗಿದ್ದರೆ ಸಾಗದ ಕೆಲಸ ಕೂಡಿದ್ದರಿಂದ ಸಾಗಿತು. ಸಿಂಧನೂರಿನ ಸೋನಾಮಸೂರಿಗೆ, ಮಸ್ಕಿಯ ಸಜ್ಜೆ ರೊಟ್ಟಿಗೆ ಈ ದಾರಿ ಮುಚ್ಚಿಲ್ಲ. ತಿನ್ನುವ ಪದಾರ್ಥವಾದುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾತ್ರ ಅವಶ್ಯ.

ಇನ್ನು ಲೆಕ್ಕ. ಒಬ್ಬ ತರುಣನು ತಿಂಗಳಿಗೆ 20 ಗಂಟೆ ಕರಡು ತಿದ್ದಿ 3000 ರೂಪಾಯಿಯನ್ನೂ, 60 ಗಂಟೆ ವಿಡಿಯೋ ಮಾಡಿ 1500 ರೂಪಾಯಿಯನ್ನೂ ಪಡೆದನೆಂದು ಇಟ್ಟುಕೊಳ್ಳೋಣ. ಮೊದಲನೆಯದು ಗಂಟೆಗೆ 150 ರೂಪಾಯಿ, ಎರಡನೆಯದು 25. ಹಾಗಾದರೆ ಎರಡನೆಯದನ್ನು ಬಿಡಬೇಕೆ? ಅವಸರ ಬೇಡ. ಕರಡಿನ ಹಣ ಅಲ್ಲಿಗೆ ತೀರಿತು. ವಿಡಿಯೋ ಮುಂದಿನ ತಿಂಗಳೂ ಅದರ ಮುಂದಿನ ತಿಂಗಳೂ ಅಷ್ಟಿಷ್ಟು ತರುತ್ತದೆ. ಒಂದು ವರ್ಷದ ಮೇಲೂ ಅದು 25ರಲ್ಲಿಯೇ ನಿಂತಿದ್ದರೆ ಆ ಸಾಲನ್ನು ಕಿತ್ತು ಬೇರೆ ಬಿತ್ತುವುದು ಲೇಸು. ಈ ನಿರ್ಣಯಕ್ಕೆ ಒಂದು ನೋಟುಪುಸ್ತಕ ಸಾಕು: ಯಾವ ಕೆಲಸಕ್ಕೆ ಎಷ್ಟು ಗಂಟೆ, ಎಷ್ಟು ಖರ್ಚು, ಎಷ್ಟು ಹಣ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗದಿದ್ದರೂ ಈ ಆದಾಯವೂ ತೆರಿಗೆಯ ಲೆಕ್ಕಕ್ಕೆ ಸೇರತಕ್ಕದ್ದೇ. ಆಗ ಇದೇ ಪುಸ್ತಕ ನೆರವಿಗೆ ಬರುತ್ತದೆ.

ಸಾಲು ಎಷ್ಟಿರಬೇಕು? ನನ್ನ ಉತ್ತರ ಎರಡು, ಹೆಚ್ಚೆಂದರೆ ಮೂರು. ಅವೂ ಒಂದೇ ಮಣ್ಣಿನಲ್ಲಿ. ನನ್ನ ಮಟ್ಟಿಗೆ ಮಣ್ಣು ಕನ್ನಡ. ಇ-ಪುಸ್ತಕಗಳ ಕರಡು ತಿದ್ದುತ್ತೇನೆ. ವಾರಕ್ಕೆರಡು ದಿನ ಹೊರದೇಶದ ಕನ್ನಡ ಮನೆಗಳ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ನಡುಗನ್ನಡ ಕಾವ್ಯಗಳ ಪಾಠವನ್ನು ಮುದ್ರಿಸಿಡುತ್ತೇನೆ. ಕೆಲಸ ಮೂರಾದರೂ ವಿದ್ಯೆ ಒಂದೇ. ಕೊಳ್ಳುವವರು ಮಾತ್ರ ಬೇರೆ ಬೇರೆ. ಒಬ್ಬರು ನಿಲ್ಲಿಸಿದರೆ ಇನ್ನಿಬ್ಬರು ಇದ್ದಾರೆ. ಇದರ ಬದಲು ಇಂದು ಷೇರು, ನಾಳೆ ಅಡುಗೆಯ ವಿಡಿಯೋ, ನಾಡಿದ್ದು ಮತ್ತೊಂದು ಎಂದು ಹತ್ತು ಕಡೆ ಅಗೆದವನಿಗೆ ಎಲ್ಲಿಯೂ ನೀರು ಸಿಗುವುದಿಲ್ಲ.

ಇನ್ನು ಎಚ್ಚರದ ಮಾತು. ಸಂಪಾದನೆಯ ಹೆಸರಿನಲ್ಲಿ ಸುಲಿಗೆಯೂ ನಡೆದಿದೆ. ವಾಟ್ಸಾಪಿಗೋ ಟೆಲಿಗ್ರಾಮಿಗೋ ಒಂದು ಸಂದೇಶ ಬರುತ್ತದೆ: ವಿಡಿಯೋಗಳಿಗೆ ಲೈಕ್ ಒತ್ತಿದರೆ ಹಣ. ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೇ ಖಾತೆಗೆ ಬೀಳುತ್ತದೆ. ಅನಂತರ ದೊಡ್ಡ ಕೆಲಸಕ್ಕೆ ಠೇವಣಿ ಕೇಳುತ್ತಾರೆ. ಅದನ್ನು ಹಿಂಪಡೆಯಲು ಮತ್ತೂ ಹೆಚ್ಚಿನ ಠೇವಣಿ. ತಾಯಿಯ ಓಲೆ ಅಡವಿಟ್ಟು ಕೊಟ್ಟ ಹಣವೂ ಹೀಗೆ ಹೋಗುವುದುಂಟು. ಪರೀಕ್ಷೆ ಸುಲಭ: ಹಣ ಯಾವ ಕಡೆಗೆ ಹರಿಯುತ್ತಿದೆ? ದುಡಿಯುವವನು ದುಡಿಸಿಕೊಳ್ಳುವವನಿಗೆ ಹಣ ಕೊಡಬೇಕಾಗಿ ಬಂದರೆ ಅದು ಉದ್ಯೋಗವಲ್ಲ. ಎರಡನೆಯ ಪರೀಕ್ಷೆ: ನನ್ನ ಈ ಕೆಲಸದಿಂದ ಯಾರಿಗೆ ಏನು ಉಪಯೋಗ? ಲೈಕ್ ಒತ್ತುವುದರಿಂದ ಯಾರಿಗೂ ಏನೂ ಇಲ್ಲ. ಹಾಗಿದ್ದ ಮೇಲೆ ಹಣ ಕೊಡುವವರಾದರೂ ಏಕೆ ಕೊಟ್ಟಾರು? ವಂಚನೆಗೆ ಸಿಕ್ಕವರು ನಾಚಿ ಮರೆಮಾಡದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ದೂರವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಇದರಿಂದ ಗುಳೆ ನಿಂತೀತೆ ಎಂದು ಕೇಳಿದರೆ ಹೌದೆನ್ನಲಾರೆ. ಅಕ್ಷರವಿಲ್ಲದ, ಭೂಮಿಯಿಲ್ಲದ ಕೂಲಿಯವನಿಗೆ ಬೇಕಾದುದು ಊರಲ್ಲಿ ಕೆಲಸ, ಹೊಲಕ್ಕೆ ನೀರು. ಅದರ ಹೊಣೆಯನ್ನು ಮೊಬೈಲಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಓದಿದವರಿಗೂ ಹಾದಿ ಹೂವಿನದಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಂದಿನಿಂದ ಸಾಧಾರಣ ಅನುವಾದವನ್ನು ಯಂತ್ರವೇ ಮಾಡುತ್ತಿದೆ. ಯಂತ್ರ ತಪ್ಪಿದ್ದನ್ನು ಕಂಡುಹಿಡಿಯುವಷ್ಟು ಭಾಷೆ ಬಲ್ಲವನಿಗೆ ಮಾತ್ರ ಅಲ್ಲಿ ಜಾಗ. ಆದುದರಿಂದ ಕೈಯಲ್ಲಿರುವ ನೌಕರಿಯನ್ನೋ ಹೊಲವನ್ನೋ ಬಿಟ್ಟು ಇದಕ್ಕೆ ಇಳಿಯಬೇಡಿ. ಇರುವುದರ ಪಕ್ಕದಲ್ಲಿ ಒಂದು ಸಾಲು ಇಡಿ.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಎಲ್ಲರೂ ಬಲ್ಲರು. ಚೆಲ್ಲಿದ ಅಕ್ಕಿಕಾಳುಗಳನ್ನು ಒಂದೊಂದಾಗಿ ಆಯ್ದು ಬದುಕಿದ ಶರಣ ಆತ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಆಗ ಹೇಳಿದ ಕಾರ್ಯ ಸಂಸ್ಥೆಯ ಒಂದು ನಿಯಮವನ್ನು ಓದಿದಾಗ ನನಗೆ ಲಕ್ಕಮ್ಮನ ನೆನಪಾಯಿತು: ಒಬ್ಬ ದುಡಿಮೆಗಾರ ಸುಮಾರು 1500 ಡಾಲರ್ ಗಳಿಸಿದ ಮೇಲೆ ತನ್ನ ಜಾಗವನ್ನು ಇನ್ನೊಬ್ಬನಿಗೆ ಬಿಡಬೇಕು. ಸಿಕ್ಕ ಕೆಲಸ ನಾಲ್ಕು ಮನೆಗೆ ಹಂಚಿಹೋಗಲೆಂಬುದು ಅದರ ಆಶಯ.

ಒಂದೊಂದೇ ಕಾಳನ್ನು ಆಯುವುದರಲ್ಲಿ ನಾಚಿಕೆಯಿಲ್ಲ. ತೆನೆ ತೆನೆ ಕೂಡಿದರೆ ಬಳ್ಳ ಎಂದು ಗಾದೆಯೇ ಇದೆ. ಆಯುವ ಕಾಳು ನಮ್ಮ ದುಡಿಮೆಯದಾಗಿರಬೇಕು. ಕೊಂಡವನಿಗೂ ಅದರಿಂದ ಪ್ರಯೋಜನವಾಗಿರಬೇಕು. ಈ ಎರಡನ್ನು ಬಿಡದೆ ಎರಡು ಮೂರು ಸಾಲು ಬಿತ್ತಿ ಕಾಯುವ ತಾಳ್ಮೆಯುಳ್ಳ ತರುಣ ತರುಣಿಯರಿಗೆ ಊರಲ್ಲಿದ್ದೇ ಉಪ್ಪು ಎಣ್ಣೆಯ ಖರ್ಚನ್ನಾದರೂ ಗಳಿಸಿಕೊಳ್ಳುವುದು ಇಂದು ಸಾಧ್ಯವಿದೆ.