ಮುದನೂರಿನ ದಾಸಿಮಯ್ಯ, ಚಾಲುಕ್ಯರ ಅರಸ

ದೇವರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ಅಲ್ಲಿ ಗುಡಿಯಲ್ಲಿರುವವನೂ ರಾಮನಾಥ, ಅವನ ವಚನಗಳ ಅಂಕಿತವೂ ರಾಮನಾಥ. ನೇಕಾರನಾದ ಅವನು ಅರಸನನ್ನೇ ಮಣಿಸಿದ ಕಥೆ ಕೇಳುತ್ತಲೇ ನಾವೆಲ್ಲ ಬೆಳೆದೆವು. ಕಥೆ ಚಂದ. ಅದನ್ನು ಇತಿಹಾಸವೆಂದು ಹಿಡಿದು ಜೈನರನ್ನು ಹಳಿಯುವಾಗ ಮಾತ್ರ ಸುಮ್ಮನಿರಲಾಗದು.

ತಪ್ಪು ಕಲ್ಪನೆ: ಚಾಲುಕ್ಯರ ಅರಸ ಇಮ್ಮಡಿ ಜಯಸಿಂಹನ ರಾಣಿ ಸುಗ್ಗಲದೇವಿ ದಾಸಿಮಯ್ಯನಿಂದ ದೀಕ್ಷೆ ಪಡೆದಳು. ಜೈನರು ವಾದದಲ್ಲಿ ಸೋತರು, ಜಯಸಿಂಹ ಶೈವನಾದ, ಬಸದಿಗಳು ಉರುಳಿದವು, ನಾಡೆಲ್ಲ ಅರಸನ ಹಿಂದೆ ನಡೆಯಿತು.

ವಾಸ್ತವ: ಜಯಸಿಂಹ ಆಳಿದ್ದು 11ನೇ ಶತಮಾನದ ಮೊದಲರ್ಧದಲ್ಲಿ. ಕಥೆ ವಿಸ್ತಾರವಾಗಿ ಬರುವುದು ಬಹುಕಾಲದ ನಂತರ, ಪಾಲ್ಕುರಿಕಿ ಸೋಮನಾಥನ ತೆಲುಗು ಬಸವಪುರಾಣದಲ್ಲಿ. ಭೀಮಕವಿ ಅದನ್ನು ಕನ್ನಡಕ್ಕೆ ತಂದದ್ದು 1369ರಲ್ಲಿ. ಅವು ಭಕ್ತಿಗಾಗಿ ಹುಟ್ಟಿದ ಕಾವ್ಯಗಳು, ಆಸ್ಥಾನದ ದಾಖಲೆಗಳಲ್ಲ. ಅರಸನ ಕಾಲದ ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ. ಜೈನ ವಿದ್ವಾಂಸ ವಾದಿರಾಜ ಇದೇ ಜಯಸಿಂಹನ ಆಸ್ಥಾನದಲ್ಲಿ ಮನ್ನಣೆ ಪಡೆದವನು. 1025ರಲ್ಲಿ ಪಾರ್ಶ್ವನಾಥಚರಿತ ಮುಗಿಸಿದ. ಅರಸನ ಅಕ್ಕ ಅಕ್ಕಾದೇವಿ ಜಿನ, ಬುದ್ಧ, ಅನಂತ, ರುದ್ರ ನಾಲ್ವರ ಧರ್ಮವಿಧಿಗಳನ್ನೂ ಆಚರಿಸಿದಳೆಂದು ಬಾದಾಮಿ ಬಳಿಯ ಬೇಲೂರಿನ 1022ರ ಶಾಸನ ಹೊಗಳುತ್ತದೆ. ಬಸದಿ ಕೆಡವಿಸುವ ಅರಮನೆಯ ಚಿತ್ರ ಇದಲ್ಲ.

ಅರಸ ಬದಲಾದರೆ ನಾಡೂ ರಾತ್ರೋರಾತ್ರಿ ಬದಲಾಯಿತೆಂಬ ನಂಬಿಕೆ ರೋಮಿನ ಬಗ್ಗೆಯೂ ಇದೆ. ಚಕ್ರವರ್ತಿ ಕಾನ್‌ಸ್ಟಂಟೈನ್ 313ರಲ್ಲಿ ಕ್ರೈಸ್ತರಿಗೆ ಕೊಟ್ಟದ್ದು ಉಳಿದವರಂತೆ ಪೂಜಿಸುವ ಸ್ವಾತಂತ್ರ್ಯ ಮಾತ್ರ. ಕ್ರೈಸ್ತಮತವನ್ನು ಸಾಮ್ರಾಜ್ಯದ ಮತವೆಂದು ಸಾರಿದ್ದು 380ರಲ್ಲಿ, ಥಿಯೋಡೋಸಿಯಸ್. ನಡುವೆ ಎರಡು ತಲೆಮಾರು ಕಳೆದಿದ್ದವು. ಹಳೆಯ ದೇವರ ಗುಡಿಗಳಲ್ಲಿ ಪೂಜೆ ಆಗಲೂ ನಡೆದಿತ್ತು.

ತಪ್ಪು ಕಲ್ಪನೆ: ಹಾಗಾದರೆ ಇಡೀ ಕಥೆಯೇ ಕಟ್ಟುಕಥೆ.

ವಾಸ್ತವ: ಅದೂ ಆತುರದ ಮಾತು. ಸುಗ್ಗಲದೇವಿಯ ಹೆಸರು ಶಾಸನಗಳಲ್ಲಿದೆ. ಆ ಶತಮಾನದಲ್ಲಿ ಕಾಳಾಮುಖ ಶೈವರ ಮಠಗಳಿಗೆ ಅರಮನೆಯ ದಾನ ಧಾರಾಳವಾಗಿ ಸಂದದ್ದೂ ನಿಜ. ಶೈವರ ಏಳಿಗೆ ನಿಜ. ಅದಕ್ಕೆ ಜೈನರ ಸೋಲಿನ ಕಥೆ ಬೇಕಿರಲಿಲ್ಲ.

ತಪ್ಪು ಕಲ್ಪನೆ: ದಾಸಿಮಯ್ಯ ಅನುಭವ ಮಂಟಪದಲ್ಲಿ ಬಸವಣ್ಣನ ಜೊತೆ ಕುಳಿತವನು.

ವಾಸ್ತವ: ಸುಗ್ಗಲದೇವಿಯ ಗುರುವಾಗಿದ್ದರೆ ಅದು ಸಾಧ್ಯವಿಲ್ಲ. ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡದ್ದು 12ನೇ ಶತಮಾನದ ನಡುಭಾಗದಲ್ಲಿ, ಜಯಸಿಂಹನಾದ ನೂರು ವರ್ಷದ ಮೇಲೆ. ಬಟ್ಟೆ ಕೊಟ್ಟು ತವನಿಧಿ ಎಂಬ ಬರಿದಾಗದ ನಿಧಿ ಪಡೆದ ದಾಸನನ್ನು ಬಸವಣ್ಣ ನೆನೆಯುವುದೂ ಹಿಂದಿನವರನ್ನು ನೆನೆಯುವ ರೀತಿಯಲ್ಲೇ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂದು ವಿದ್ವಾಂಸರು ವಾದಿಸುತ್ತ ಬಂದದ್ದು ಈ ತೊಡಕಿನಿಂದಲೇ. ರಾಣಿಯ ದೀಕ್ಷೆ, ಅನುಭವ ಮಂಟಪದ ಗೋಷ್ಠಿ ಎರಡನ್ನೂ ಒಬ್ಬನ ಬಾಳಿಗೇ ಸೇರಿಸುವಂತಿಲ್ಲ.