ಚಂದಾದಾರರಿಂದ ಬಾಳುವ ಸಣ್ಣ ಉದ್ಯಮ

ಚಂದಾ ಎಂಬ ಮಾತು ಈ ಸಂಚಿಕೆಯನ್ನು ಕೈಗೆತ್ತಿಕೊಂಡವರಾರಿಗೂ ಹೊಸದಲ್ಲ. ನಮ್ಮ ಮಾಸಪತ್ರಿಕೆಗಳು, ವಾಚನಾಲಯಗಳು, ಸಂಘಸಂಸ್ಥೆಗಳು ಬಹುಕಾಲದಿಂದ ಚಂದಾಹಣದ ಆಧಾರದ ಮೇಲೆಯೇ ನಡೆದುಬಂದಿವೆ. ಒಬ್ಬ ಧನಿಕನು ಒಮ್ಮೆಗೇ ಕೊಡುವ ದೊಡ್ಡ ಮೊತ್ತಕ್ಕಿಂತಲೂ ನೂರಾರು ಮಂದಿ ವರ್ಷವರ್ಷವೂ ತಪ್ಪದೆ ಕೊಡುವ ಅಲ್ಪಮೊತ್ತವು ಒಂದು ಕಾರ್ಯವನ್ನು ಹೆಚ್ಚು ಕಾಲ ನಿಲ್ಲಿಸುತ್ತದೆಂಬುದು ಹಿರಿಯರು ಅನುಭವದಿಂದ ಅರಿತ ವಿಷಯ. ಇದೇ ತತ್ತ್ವವನ್ನು ಆಧರಿಸಿ ಇಂದು ಗಣಕಯಂತ್ರದ ಲೋಕದಲ್ಲಿ ಒಂದು ಬಗೆಯ ಸಣ್ಣ ಉದ್ಯಮವು ಬೆಳೆದುಬಂದಿದೆ. ಒಬ್ಬರೋ ಇಬ್ಬರೋ ಸೇರಿ, ದೊಡ್ಡ ಬಂಡವಾಳವಿಲ್ಲದೆ, ತಮ್ಮ ಊರಿನಲ್ಲಿಯೇ ಕುಳಿತು ಒಂದು ತಂತ್ರಾಂಶವನ್ನು ರಚಿಸಿ, ಅದನ್ನು ಬಳಸುವವರಿಂದ ತಿಂಗಳಿಗೋ ವರ್ಷಕ್ಕೋ ಇಷ್ಟೆಂದು ಚಂದಾ ಪಡೆದು ಜೀವನ ಸಾಗಿಸುವುದೇ ಈ ಉದ್ಯಮದ ಸ್ವರೂಪ. ಅದು ಹೇಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಬೆಲೆಯೇಕಲ್ಲ, ಚಂದಾ ಏಕೆ?

ಗಣಕಯಂತ್ರವು ಏನು ಮಾಡಬೇಕೆಂದು ಅದಕ್ಕೆ ತಿಳಿಸುವ ಆಜ್ಞೆಗಳ ಸಮೂಹವೇ ತಂತ್ರಾಂಶ. ಅಂಗಡಿಯ ರಸೀದಿ ಬರೆಯುವುದು, ಶಾಲೆಯ ಹಾಜರಿಯಿಡುವುದು, ಹಾಲಿನ ಲೆಕ್ಕ ಕೂಡುವುದು ಮುಂತಾದ ಕೆಲಸಗಳೆಲ್ಲ ಇಂದು ಅದರಿಂದಲೇ ಆಗುತ್ತಿವೆ. ಇದನ್ನು ಹಿತ್ತಾಳೆಯ ಕೊಡದಂತೆ ಒಮ್ಮೆ ಬೆಲೆ ಕೊಟ್ಟು ಕೊಂಡುಬಿಡಬಾರದೇಕೆ ಎಂದು ಕೇಳುವುದು ಸಹಜ. ಹಿಂದೆ ಬಹುಮಟ್ಟಿಗೆ ಹಾಗೆಯೇ ಮಾರುತ್ತಿದ್ದರು. ಈಗಲೂ ಹಾಗೆ ಮಾರುವವರಿಲ್ಲವೆಂದಲ್ಲ. ಆದರೆ ಕೊಡವನ್ನು ಮಾಡಿದ ಕಂಚುಗಾರನ ಕೆಲಸವು ಮಾರಾಟದೊಡನೆ ಮುಗಿಯುತ್ತದೆ. ತಂತ್ರಾಂಶ ರಚಿಸಿದವನ ಕೆಲಸವಾದರೋ ಅಲ್ಲಿಂದಲೇ ಮೊದಲಾಗುತ್ತದೆ.

ಒಂದು ದೃಷ್ಟಾಂತವನ್ನು ನೋಡೋಣ. ನಮ್ಮ ದೇಶದಲ್ಲಿ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಂದು ಅನೇಕ ವಸ್ತುಗಳ ಮೇಲಿನ ಆ ತೆರಿಗೆಯ ದರಗಳು ಬದಲಾದವು. ಆ ದಿನ ಬೆಳಗ್ಗೆ ಅಂಗಡಿ ತೆರೆದಾಗ ರಸೀದಿಯಲ್ಲಿ ಹೊಸ ದರವೇ ಮೂಡಬೇಕಾದರೆ, ಅದಕ್ಕೆ ಮುಂಚೆಯೇ ಯಾರೋ ಒಬ್ಬರು ಕುಳಿತು ತಂತ್ರಾಂಶವನ್ನು ತಿದ್ದಿರಬೇಕಷ್ಟೆ. ಇದಲ್ಲದೆ ಗ್ರಾಹಕರ ಲೆಕ್ಕಪತ್ರಗಳನ್ನು ಕಾದಿಡುವ ಸರ್ವರ್ ಎಂಬ ಯಂತ್ರಗಳು ಹಗಲಿರುಳೂ ನಡೆಯುತ್ತಿರಬೇಕು. ಅವುಗಳಿಗೆ ಬಾಡಿಗೆ ತೆರಬೇಕು. ಕಳ್ಳರು ನುಗ್ಗಬಹುದಾದ ಕಂಡಿಗಳನ್ನು ಕಂಡಕಂಡಂತೆ ಮುಚ್ಚುತ್ತಿರಬೇಕು. ದುಡಿಮೆ ನಿರಂತರವಾದುದರಿಂದ ಪ್ರತಿಫಲವೂ ನಿರಂತರವಾಗಿರಬೇಕಾಗುತ್ತದೆ. ಚಂದಾ ಪದ್ಧತಿಯ ಮೂಲ ಇದೇ.

ಒಬ್ಬನ ಅಂಗಡಿಯ ಕಥೆ

ಅಂತರ್ಜಾಲದಲ್ಲಿ ಓದುವವರಿಗೆ ತಮಗೆ ಮೆಚ್ಚಿಕೆಯಾದ ಪುಟಗಳ ವಿಳಾಸಗಳನ್ನು ಒಂದೆಡೆ ಬರೆದಿಟ್ಟುಕೊಳ್ಳುವ ಅವಶ್ಯಕತೆಯುಂಟು. ಈ ಕೆಲಸಕ್ಕಾಗಿ 2003ರಲ್ಲಿ ಅಮೆರಿಕದಲ್ಲಿ ಡೆಲಿಶಿಯಸ್ ಎಂಬ ಸೇವೆ ಹುಟ್ಟಿತು. ಬಳಸುವವರು ಅದಕ್ಕೆ ಏನನ್ನೂ ಕೊಡಬೇಕಾಗಿರಲಿಲ್ಲ. 2005ರಲ್ಲಿ ಯಾಹೂ ಎಂಬ ದೊಡ್ಡ ಸಂಸ್ಥೆಯು ಅದನ್ನು ಕೊಂಡುಕೊಂಡಿತು.

ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮಾಚೇ ಸೆಗ್ಲೊವ್ಸ್ಕಿ ಎಂಬವರು 2009ರ ಜುಲೈ ತಿಂಗಳಲ್ಲಿ ಇದೇ ಕೆಲಸಕ್ಕೆ ಪಿನ್‌ಬೋರ್ಡ್ ಎಂಬ ಬೇರೊಂದು ಸೇವೆಯನ್ನು ಆರಂಭಿಸಿದರು. ಧರ್ಮಕ್ಕೆ ದೊರೆಯುವ ವಸ್ತುವು ಎದುರಿಗೇ ಇರುವಾಗ ಇವರು ಹಣ ಕೇಳಿದುದನ್ನು ಕಂಡು ಹಲವರಿಗೆ ಆಶ್ಚರ್ಯವಾಗಿರಬೇಕು. ಮೊದಲಿಗೆ ಪ್ರವೇಶಶುಲ್ಕವು ಕೆಲವೇ ಡಾಲರುಗಳಷ್ಟಿದ್ದು, ಹೊಸಬರು ಸೇರಿದಂತೆಲ್ಲ ಅದು ಅಲ್ಪಾಲ್ಪವಾಗಿ ಏರುತ್ತಿತ್ತು. ಪುಟಗಳ ಪೂರ್ಣ ಪ್ರತಿಯನ್ನೇ ಕಾದಿಡಬೇಕೆನ್ನುವವರಿಗೆ ವರ್ಷಕ್ಕೆ 25 ಡಾಲರುಗಳ ಚಂದಾ ಇದ್ದಿತು.

2010ರ ಡಿಸೆಂಬರಿನಲ್ಲಿ ಒಂದು ಸಂಗತಿ ನಡೆಯಿತು. ಯಾಹೂ ಸಂಸ್ಥೆಯ ಒಳಗಿನ ಒಂದು ಚಿತ್ರಪಟವು ಹೊರಬಿದ್ದು, ಮುಂದೆ ಕೈಬಿಡಬೇಕಾದ ಸೇವೆಗಳ ಪಟ್ಟಿಯಲ್ಲಿ ಡೆಲಿಶಿಯಸ್ಸಿನ ಹೆಸರೂ ಇರುವುದು ಕಂಡುಬಂದಿತು. ವರ್ಷಗಟ್ಟಲೆ ಕೂಡಿಟ್ಟ ಸಂಗ್ರಹವು ಕಳೆದುಹೋದೀತೆಂಬ ಭಯದಿಂದ ಜನರು ಗುಂಪುಗುಂಪಾಗಿ ಪಿನ್‌ಬೋರ್ಡಿನ ಕಡೆಗೆ ಬಂದರು. ಡೆಲಿಶಿಯಸ್ 2011ರಲ್ಲಿ ಬೇರೊಬ್ಬರ ಪಾಲಾಗಿ, ಕೈಯಿಂದ ಕೈಗೆ ಸಾಗಿ, ಕೊನೆಗೆ 2017ರಲ್ಲಿ 35,000 ಡಾಲರುಗಳಿಗೆ ಸೆಗ್ಲೊವ್ಸ್ಕಿಯವರ ಕೈಗೇ ಬಂದಿತು. ದೊಡ್ಡ ಸಂಸ್ಥೆಯು ಕೊಂಡು ಕೈಬಿಟ್ಟ ವಸ್ತುವನ್ನು ಸಣ್ಣ ಅಂಗಡಿಯವನು ಕೊಂಡನು! ಈ ನಡುವೆ 2015ರಲ್ಲಿ ಪಿನ್‌ಬೋರ್ಡ್ ಹೊಸ ಸದಸ್ಯರಿಗೆ ವರ್ಷಕ್ಕೆ 11 ಡಾಲರುಗಳ ಚಂದಾವನ್ನು ಗೊತ್ತುಪಡಿಸಿತ್ತು.

ಇದರಿಂದ ತಿಳಿಯತಕ್ಕುದೇನು? ಧರ್ಮಕ್ಕೆ ದೊರೆಯುವ ಸೇವೆಯನ್ನು ಯಾರಾದರೊಬ್ಬರು ಹಣ ಕೊಟ್ಟು ನಡೆಸಲೇಬೇಕು. ಕೊಡುವವನು ಜಾಹೀರಾತುದಾರನಾಗಿರಬಹುದು, ಬಂಡವಾಳಗಾರನಾಗಿರಬಹುದು. ಅವನಿಗೆ ಬೇಸರವಾದ ದಿನ ಸೇವೆಯೂ ನಿಲ್ಲುತ್ತದೆ. 2004ರಲ್ಲಿ ಆರಂಭವಾಗಿ ನಮ್ಮ ದೇಶದಲ್ಲಿಯೂ ಬಹುಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿದುದನ್ನು ತಾಯಿತಂದೆಗಳಲ್ಲಿ ಹಲವರು ನೆನೆಯಬಹುದು. ಚಂದಾದಾರನಾದರೋ ಯಜಮಾನನನ್ನು ಕೇಳುವ ಹಕ್ಕುಳ್ಳವನು. ಯಜಮಾನನೂ ಅವನೊಬ್ಬನಿಗೇ ಉತ್ತರ ಹೇಳಬೇಕಾದವನು. ಈ ನೇರವಾದ ಸಂಬಂಧವೇ ಸಣ್ಣ ಉದ್ಯಮದ ಬಲ.

ಕೆರೆಯ ಲೆಕ್ಕ

ಇನ್ನು ಲಾಭದ ಮಾತಿಗೆ ಬರೋಣ. ಹನಿ ಹನಿ ಕೂಡಿದರೆ ಹಳ್ಳವೆಂಬುದು ನಿಜ. ಆದರೆ ಕೆರೆಗೆ ಬರುವ ನೀರನ್ನಷ್ಟೇ ನೋಡಿದರೆ ಸಾಲದು, ತೂಬಿನಿಂದ ಹೊರಹೋಗುವುದನ್ನೂ ನೋಡಬೇಕು. ಒಂದು ಕಲ್ಪಿತ ಉದ್ಯಮವನ್ನು ತೆಗೆದುಕೊಳ್ಳಿ. ಚಂದಾ ತಿಂಗಳಿಗೆ 200 ರೂಪಾಯಿ. ಪ್ರತಿ ತಿಂಗಳೂ 10 ಮಂದಿ ಹೊಸಬರು ಸೇರುತ್ತಾರೆ. ಇದ್ದವರಲ್ಲಿ ನೂರಕ್ಕೆ 5 ಮಂದಿ ಬಿಟ್ಟುಹೋಗುತ್ತಾರೆ. ಚಂದಾದಾರರ ಸಂಖ್ಯೆ ಎಲ್ಲಿಯವರೆಗೆ ಏರಬಲ್ಲುದು? ಅದು 200ನ್ನು ಸಮೀಪಿಸಿದಾಗ ತಿಂಗಳಿಗೆ ಬಿಡುವವರೂ 10 ಮಂದಿಯೇ ಆಗುತ್ತಾರೆ. ಬಂದಷ್ಟೇ ಹೋಗುವುದರಿಂದ ಕೆರೆ ಅಲ್ಲಿಗೆ ತುಂಬಿ ನಿಲ್ಲುತ್ತದೆ. ಆಗ ತಿಂಗಳ ಉತ್ಪನ್ನ 40,000 ರೂಪಾಯಿ.

ಈಗ ಹೊಸಬರ ಸಂಖ್ಯೆಯನ್ನು ಹಾಗೆಯೇ ಇಟ್ಟು, ಬಿಟ್ಟುಹೋಗುವವರನ್ನು ನೂರಕ್ಕೆ 2ಕ್ಕೆ ಇಳಿಸಿರಿ. ಕೆರೆಯ ಮಟ್ಟವು 500ರವರೆಗೆ ಏರುತ್ತದೆ. ಉತ್ಪನ್ನವು 1,00,000 ರೂಪಾಯಿಗಳಾಗುತ್ತದೆ. ಹೊಸ ಗ್ರಾಹಕನೊಬ್ಬನನ್ನೂ ಹೆಚ್ಚಾಗಿ ಹುಡುಕದೆ ಆದಾಯವು ಎರಡೂವರೆ ಪಟ್ಟಾಯಿತು. ಗಣಿತದ ತರಗತಿಯಲ್ಲಿ ವಿದ್ಯಾರ್ಥಿಗಳು ಇದನ್ನು ತಾವೇ ತಿಂಗಳು ತಿಂಗಳಿನಂತೆ ಬರೆದು ನೋಡಬಹುದು. ಹೊಸಬರನ್ನು ಕರೆತರುವ ಆಡಂಬರಕ್ಕಿಂತ ಇದ್ದವರ ಅಡಚಣೆಯನ್ನು ಆ ದಿನವೇ ಪರಿಹರಿಸುವುದು ಲಾಭಕರವೆಂಬ ಮಾತು ಬರಿಯ ನೀತಿಯಲ್ಲ, ಲೆಕ್ಕವೂ ಹೌದು.

ಆದರೆ ಉತ್ಪನ್ನವೆಲ್ಲವೂ ಲಾಭವಲ್ಲ. ಸರ್ವರಿನ ಬಾಡಿಗೆ, ಹಣ ವರ್ಗಾಯಿಸುವವರ ಶುಲ್ಕ, ತೆರಿಗೆ, ತನ್ನ ಸಂಬಳ ಇವೆಲ್ಲವನ್ನೂ ಕಳೆದು ಉಳಿದುದೇ ಲಾಭ. ವರ್ಷದ ಚಂದಾವನ್ನು ಮುಂಗಡವಾಗಿ ಪಡೆಯುವವರು ಇನ್ನೂ ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಮುಂಗಡವು ಕೈಯಲ್ಲಿದ್ದರೂ ಅದು ಇನ್ನೂ ಸಂಪಾದಿಸಿದ ಹಣವಲ್ಲ. ಹನ್ನೆರಡು ತಿಂಗಳ ಸೇವೆಯಿಂದ ತೀರಿಸಬೇಕಾದ ಋಣ. ಅದನ್ನು ಮೊದಲ ತಿಂಗಳಲ್ಲಿಯೇ ವೆಚ್ಚಮಾಡಿದವನು ಉಳಿದ ಹನ್ನೊಂದು ತಿಂಗಳು ಕಷ್ಟಪಡಬೇಕಾಗುತ್ತದೆ.

ಆರಂಭಿಸುವ ಕ್ರಮ

ಇದ್ದ ಕೆಲಸವನ್ನು ಬಿಟ್ಟು ಉದ್ಯಮಕ್ಕೆ ಧುಮುಕಬೇಕೆಂಬ ನಿಯಮವಿಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿ 1999ರಲ್ಲಿ ಸ್ಥಾಪಿತವಾದ 37ಸಿಗ್ನಲ್ಸ್ ಎಂಬ ಸಂಸ್ಥೆಯು ಇತರರಿಗೆ ಜಾಲತಾಣಗಳ ವಿನ್ಯಾಸ ಮಾಡಿಕೊಡುತ್ತಿತ್ತು. ತಮ್ಮ ಕೆಲಸಗಳನ್ನು ಕ್ರಮವಾಗಿ ಇಟ್ಟುಕೊಳ್ಳಲು ಅವರಿಗೆ ಒಂದು ಸಾಧನ ಬೇಕಾಯಿತು. ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಎಂಬ ತರುಣನು ಬಿಡುವಿನ ವೇಳೆಯಲ್ಲಿ ಅದನ್ನು ರಚಿಸಿಕೊಟ್ಟನು. ತಮಗೆ ಉಪಯೋಗವಾದುದು ಇತರರಿಗೂ ಆದೀತೆಂದು ತಿಳಿದು, 2004ರ ಫೆಬ್ರವರಿಯಲ್ಲಿ ಬೇಸ್‌ಕ್ಯಾಂಪ್ ಎಂಬ ಹೆಸರಿನಿಂದ ಅದನ್ನು ತಿಂಗಳ ಚಂದಾಕ್ಕೆ ಒದಗಿಸಿದರು. ಸ್ವಲ್ಪ ಕಾಲದಲ್ಲಿಯೇ ಅದರ ಆದಾಯವು ಹಳೆಯ ಕಸುಬಿನ ಆದಾಯವನ್ನು ಮೀರಿತು. ಆ ಮೇಲೆಯೇ ಅವರು ಹಳೆಯ ಕಸುಬನ್ನು ಬಿಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ಅವರು.

ಮೊದಲನೆಯ ಹೆಜ್ಜೆ ತಂತ್ರಾಂಶ ಬರೆಯುವುದಲ್ಲ, ಕೇಳುವುದು. ಯಾರಿಗೆ ಯಾವ ಕೆಲಸ ದಿನದಿನವೂ ತೊಡಕಾಗಿದೆ, ಆ ತೊಡಕಿಗಾಗಿ ಅವರು ಈಗ ಎಷ್ಟು ಹೊತ್ತನ್ನೋ ಹಣವನ್ನೋ ಕಳೆಯುತ್ತಿದ್ದಾರೆ ಎಂಬುದನ್ನು ಹತ್ತು ಮಂದಿಯ ಬಳಿ ಕುಳಿತು ತಿಳಿಯಬೇಕು. ಚೆನ್ನಾಗಿದೆಯೆಂಬ ಹೊಗಳಿಕೆಗೆ ಬೆಲೆಯಿಲ್ಲ. ಚಂದಾ ಕೊಡಲು ಒಪ್ಪಿದರೆ ಅದೇ ಪ್ರಮಾಣ. ಈ ದೃಷ್ಟಿಯಿಂದ ಗಡಿನಾಡಿನವರಿಗೆ ಒಂದು ಅನುಕೂಲವಿದೆ. ಕಾಸರಗೋಡಿನಂಥ ಊರಿನಲ್ಲಿ ಒಂದೇ ಅಂಗಡಿಗೆ ಕನ್ನಡ, ಮಲಯಾಳ, ತುಳು, ಕೊಂಕಣಿ ಆಡುವವರು ಬರುತ್ತಾರೆ. ರಸೀದಿಯೂ ಲೆಕ್ಕವೂ ಎರಡು ಲಿಪಿಗಳಲ್ಲಿ ಬೇಕೆಂಬ ವರ್ತಕನ ತೊಡಕು ದೂರದ ದೊಡ್ಡ ಸಂಸ್ಥೆಯ ಕಣ್ಣಿಗೆ ಬೀಳುವುದು ಕಷ್ಟ; ಆ ಅಂಗಡಿಗೆ ಅಡಕೆ ತೂಗಿಸಲು ಹೋದ ಹುಡುಗನಿಗೆ ಅದು ಸಹಜವಾಗಿಯೇ ತಿಳಿದಿರುತ್ತದೆ.

ಸಣ್ಣ ಮೊತ್ತಗಳನ್ನು ವಸೂಲು ಮಾಡುವುದು ಹಿಂದೆ ದೊಡ್ಡ ತೊಂದರೆಯಾಗಿತ್ತು. 2016ರಲ್ಲಿ ಯುಪಿಐ ಪದ್ಧತಿಯು ಬಂದ ಮೇಲೆಯೂ, 2020ರಲ್ಲಿ ಅದರಲ್ಲಿ ಆಟೋಪೇ ಎಂಬ ವ್ಯವಸ್ಥೆ ಸೇರಿದ ಮೇಲೆಯೂ ಅದು ಸುಲಭವಾಗಿದೆ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ತಾನಾಗಿಯೇ ಕಡಿತವಾಗುವ ಇಂಥ ಹಣದ ಬಗ್ಗೆ ಗ್ರಾಹಕನಿಗೆ 24 ಗಂಟೆಗಳ ಮುಂಚೆ ಸೂಚನೆ ಬರಬೇಕು. ತಾಯಿತಂದೆಗಳು ಈ ಸೂಚನೆಗಳನ್ನು ಓದದೆ ಬಿಡಬಾರದು. ಬಳಸದ ಸೇವೆಯ ಚಂದಾವನ್ನು ನಿಲ್ಲಿಸುವ ಹಕ್ಕು ಅವರಿಗಿದೆ.

ನಂಬಿಕೆಯೇ ಮೂಲಧನ

ಈ ಉದ್ಯಮದಲ್ಲಿ ದೋಷಗಳಿಲ್ಲವೇ? ಉಂಟು. ಒಬ್ಬನೇ ನಡೆಸುವ ಅಂಗಡಿಯು ಅವನಿಗೆ ಜ್ವರ ಬಂದರೆ ಮಲಗುತ್ತದೆ. ನಡುರಾತ್ರಿ ಸರ್ವರ್ ಕೆಟ್ಟರೆ ಅವನೇ ಏಳಬೇಕು. ಗ್ರಾಹಕರ ಲೆಕ್ಕಪತ್ರಗಳೆಲ್ಲ ಅವನ ಕೈಯಲ್ಲಿರುತ್ತವೆ. ಅವು ಕಳೆದುಹೋದರೆ ವರ್ತಕನ ಸಾಲ ವಸೂಲಿಗೂ ಆಧಾರ ತಪ್ಪಬಹುದು. ಆದುದರಿಂದ ಪ್ರತಿದಿನವೂ ಬೇರೊಂದು ಸ್ಥಳದಲ್ಲಿ ಪ್ರತಿಯಿಡುವುದು, ಆ ಪ್ರತಿಯು ತೆರೆಯುವುದೇ ಎಂದು ಆಗಾಗ ಪರೀಕ್ಷಿಸುವುದು, ಬಿಟ್ಟುಹೋಗುವ ಗ್ರಾಹಕನಿಗೆ ಅವನ ಲೆಕ್ಕವನ್ನು ಪೂರ್ತಿಯಾಗಿ ಒಪ್ಪಿಸಿ ಕಳುಹಿಸುವುದು, ತನ್ನ ಅನಂತರ ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತುಮಾಡುವುದು ಇವನ ಕರ್ತವ್ಯಗಳು. ಹೋಗುವವನನ್ನು ಕಟ್ಟಿಹಾಕಿ ಚಂದಾ ಪಡೆಯುವುದು ವ್ಯಾಪಾರವಲ್ಲ, ವಂಚನೆ.

ನೂರು ಮಂದಿ ಅಂಗಡಿಯವರು ತಮ್ಮ ದಿನದ ಲೆಕ್ಕವನ್ನು ಒಬ್ಬ ತರುಣನ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ನಿದ್ರಿಸುವರೆಂದರೆ ಅದು ಸಣ್ಣ ಮಾತಲ್ಲ. ಆ ನಂಬಿಕೆಗೆ ತಕ್ಕವನಾಗುವ ಅಭ್ಯಾಸಕ್ಕೆ ಗಣಕಯಂತ್ರ ಬೇಕಿಲ್ಲ. ತರಗತಿಯ ಕೈಬರಹದ ಪತ್ರಿಕೆಗೋ ಶಾಲೆಯ ವಾಚನಾಲಯಕ್ಕೋ ಸಹಪಾಠಿಗಳಿಂದ ಕಾಸು ಕೂಡಿಸಿ, ವರ್ಷದ ಕೊನೆಗೆ ಪೈಸೆ ಪೈಸೆಯ ಲೆಕ್ಕವನ್ನು ಎಲ್ಲರ ಮುಂದೆ ಓದಿಹೇಳುವ ವಿದ್ಯಾರ್ಥಿಯು ಈ ಉದ್ಯಮದ ಕಠಿಣವಾದ ಪಾಠವನ್ನು ಈಗಾಗಲೇ ಕಲಿಯತೊಡಗಿದ್ದಾನೆ. ತಂತ್ರಾಂಶ ಬರೆಯುವ ವಿದ್ಯೆಯನ್ನು ಅವನು ಮುಂದೆ ಕಲಿತಾನು.